ಬೀರುವಿನ ಹಿಂದಿನ ಗೋಡೆ

ಹೆಬ್ಬಗೋಡಿಯ ಹೊಸ ಮನೆಗೆ ಬಂದು ಐದು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಧನಲಕ್ಷ್ಮಿ ಮಲಗುವ ಕೋಣೆಯ ನಡುವೆ ನಿಂತು, ಗುಡಿಸುವುದನ್ನು ಅರ್ಧಕ್ಕೆ ಬಿಟ್ಟು, ಗಂಡನನ್ನು ಕೂಗಿದಳು.

"ರೀ, ಸ್ವಲ್ಪ ಇಲ್ಲಿ ಬನ್ನಿ. ನಿಮಗೇನಾದ್ರೂ ವಾಸನೆ ಬರ್ತಿದ್ಯಾ?"

ರಾಜೇಂದ್ರ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ ಬಾಗಿಲಿಗೆ ಬಂದ. ಫ್ಯಾಕ್ಟರಿಗೆ ಹೊತ್ತಾಗುತ್ತಿತ್ತು. "ಎಂಥ ವಾಸನೆ?"

"ಮುಗ್ಗಲು ವಾಸನೆ. ಒದ್ದೆ ಗೋಣಿಚೀಲ ಮೂಲೇಲಿ ಹಾಕಿ ಮರೆತ್ಬಿಟ್ರೆ ಬರತ್ತಲ್ಲ, ಆ ಥರ."

ರಾಜೇಂದ್ರ ಮೂಗಿನ ಹೊಳ್ಳೆ ಅರಳಿಸಿ ಸದ್ದು ಬರುವ ಹಾಗೆ ಉಸಿರೆಳೆದುಕೊಂಡ. ಒಂದು ಕ್ಷಣ ಯೋಚಿಸುವವನಂತೆ ನಿಂತ. "ಏನೂ ಇಲ್ವಲ್ಲ ಕಣೆ" ಎಂದು ಹೇಳಿ ಚಪ್ಪಲಿ ಮೆಟ್ಟಿ ಹೊರಟುಹೋದ.

ಅವನು ಹೇಳಿದ್ದು ಸುಳ್ಳೇನಲ್ಲ. ಅವನಿಗೆ ಏನೂ ಬಂದಿರಲಿಲ್ಲ. ಆದರೆ ಅವನ ಮೂಗಿಗೆ ಯಾವ ವಾಸನೆಯೂ ತಾಗದೆ ಅಷ್ಟು ಹೊತ್ತಿಗಾಗಲೇ ಏಳು ವರ್ಷ ಕಳೆದಿದ್ದವು. ಆ ಮಾತನ್ನು ಅವನು ಹೆಂಡತಿಗೂ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ.

ಅದು ಶುರುವಾದದ್ದು ಬೊಮ್ಮಸಂದ್ರದ ಪ್ಲೇಟಿಂಗ್ ಫ್ಯಾಕ್ಟರಿಯಲ್ಲಿ. ನಲ್ಲಿಗಳಿಗೂ ಬೈಕಿನ ಬಿಡಿಭಾಗಗಳಿಗೂ ಹೊಳಪು ಕೊಡುವ ಕೆಲಸ. ಸಾಲಾಗಿ ಆಸಿಡ್ ತೊಟ್ಟಿಗಳು, ಅವುಗಳ ಮೇಲೆ ಸದಾ ಏಳುವ ಹಬೆ. ಇಪ್ಪತ್ತೆರಡನೇ ವಯಸ್ಸಿಗೆ ಆ ತೊಟ್ಟಿಯ ಮುಂದೆ ನಿಂತವನು ಮೊದಮೊದಲು ಕೆಮ್ಮುತ್ತಿದ್ದ, ಆಮೇಲೆ ಒಗ್ಗಿಕೊಂಡ. ಒಗ್ಗಿಕೊಂಡೆ ಅಂತ ಅವನು ತಿಳಿದಿದ್ದ. ೨೦೦೪ರ ಬೇಸಿಗೆಯಲ್ಲಿ ಯಾರೋ ಕ್ಯಾಂಟೀನಿಗೆ ಹಲಸಿನ ಹಣ್ಣು ತಂದು ಕೊಯ್ದರು. ಆಚೆ ಶೆಡ್ಡಿನಲ್ಲಿದ್ದವರೂ ವಾಸನೆ ಹಿಡಿದು ಓಡಿಬಂದರು. ಹಣ್ಣಿನ ಮುಂದೆಯೇ ಕೂತಿದ್ದ ರಾಜೇಂದ್ರನಿಗೆ ಮಾತ್ರ ಅದು ಕಣ್ಣಿಗೆ ಕಂಡಿತೇ ಹೊರತು ಮೂಗಿಗೆ ಬರಲಿಲ್ಲ. ತೊಳೆ ಬಾಯಿಗೆ ಹಾಕಿಕೊಂಡ. ಸಿಹಿ ಇತ್ತು, ಅಷ್ಟೆ.

ಹೇಳಿಬಿಡಬಹುದಿತ್ತು. ಆದರೆ ಅದಕ್ಕೆ ಎರಡು ತಿಂಗಳ ಹಿಂದೆ ಅವನ ಜೊತೆಯ ಚನ್ನವೀರಪ್ಪ ಇದೇ ಮಾತು ಬಾಯಿಬಿಟ್ಟು ಕೆಲಸ ಕಳೆದುಕೊಂಡಿದ್ದ. ತೊಟ್ಟಿಯ ಹಬೆ ಕೆಟ್ಟರೆ ಮೊದಲು ಎಚ್ಚರಿಸಬೇಕಾದ್ದು ಮೂಗು, ಮೂಗೇ ಸತ್ತವನನ್ನು ಅಲ್ಲಿ ನಿಲ್ಲಿಸಲಾಗದು ಎಂದು ಅವನನ್ನು ಮನೆಗೆ ಕಳಿಸಿದ್ದರು. ಆಗ ಮಗಳು ವೇಣಿ ಇನ್ನೂ ಆರನೇ ಕ್ಲಾಸಿನ ಹುಡುಗಿ. ರಾಜೇಂದ್ರ ಬಾಯಿ ಹೊಲಿದುಕೊಂಡ. ಹೆಂಡತಿಗೆ ಹೇಳಿದರೆ ಅವಳು ರಾಜೇಂದ್ರನ ಅಕ್ಕ ರಾಮಕ್ಕನಿಗೆ ಹೇಳಿಯಾಳು, ರಾಮಕ್ಕನ ಬಾಯಿಗೆ ಬಿದ್ದ ಮಾತು ಬೊಮ್ಮಸಂದ್ರ ತಲುಪದೆ ಇರದು ಎಂಬ ಭಯ. ಹೀಗೆ ಹೊಟ್ಟೆಪಾಡಿಗೆ ಮುಚ್ಚಿಟ್ಟದ್ದು ಬರಬರುತ್ತಾ ಅಭ್ಯಾಸವಾಯಿತು. ಎದುರಿಗಿದ್ದವರ ಮುಖ ನೋಡಿ ಮಾತಾಡುವುದನ್ನು ಅವನು ಚೆನ್ನಾಗಿ ಕಲಿತ. ಅವರು ಮೂಗು ಮುಚ್ಚಿಕೊಂಡರೆ ಇವನೂ ಮುಚ್ಚಿಕೊಳ್ಳುವನು. ಅವರ ಮುಖ ಅರಳಿದರೆ "ಆಹಾ, ಘಮ್ಮಂತಿದೆ" ಎನ್ನುವನು.

ಅವನು ಅತಿ ಹೆಚ್ಚು ಸಲ ಹಾಗೆಂದದ್ದು ಹೆಂಡತಿಯ ಮುಂದೆಯೇ. ಧನಲಕ್ಷ್ಮಿ ಆನೇಕಲ್‌ನವಳು. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಮಾಡುವುದರಲ್ಲಿ ಅವಳ ಕೈಗೆ ಸರಿಸಾಟಿ ಇರಲಿಲ್ಲ. ಕೈ ಅನ್ನುವುದಕ್ಕಿಂತ ಮೂಗು ಅನ್ನಬೇಕು. ದೊಡ್ಡ ಕಬ್ಬಿಣದ ಬಾಣಲೆಯಲ್ಲಿ ಕೊತ್ತಂಬರಿ ಬೀಜ ಹುರಿಯುವಾಗ ಅವಳು ಗಡಿಯಾರ ನೋಡುತ್ತಿರಲಿಲ್ಲ, ಬಣ್ಣವನ್ನೂ ನೋಡುತ್ತಿರಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಕೈಯಾಡಿಸುತ್ತಲೇ ಇದ್ದು, ಇದ್ದಕ್ಕಿದ್ದಂತೆ "ಹಾಂ" ಎಂದು ಬಾಣಲೆ ಇಳಿಸಿಬಿಡುವಳು. ಒಂದು ಗಳಿಗೆ ಮುಂಚೆ ಇಳಿಸಿದರೆ ಹಸಿ, ಒಂದು ಗಳಿಗೆ ತಡವಾದರೆ ಸೀದದ್ದು. ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟಿನ ಹೆಂಗಸರು, ಪಿ.ಜಿ. ನಡೆಸುವವರು, ಎಲ್ಲರೂ ಅವಳ ಪುಡಿಗೆ ಕಾಯುತ್ತಿದ್ದರು. ಪಕ್ಕದ ಬೀದಿಯ ಅಂಜನಮ್ಮ ಅವಳ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಬರುತ್ತಿದ್ದಳು. ಪ್ರತಿ ಸಲ ಹೊಸ ಪುಡಿ ಬೀಸಿಕೊಂಡು ಬಂದಾಗಲೂ ಧನಲಕ್ಷ್ಮಿ ಒಂದು ಚಿಟಿಕೆಯನ್ನು ಗಂಡನ ಮೂಗಿನ ಹತ್ತಿರ ಹಿಡಿಯುವಳು. ಅವನು ಅವಳ ಕಣ್ಣು ನೋಡಿ ತಲೆದೂಗುವನು.

ಇಂಥ ಮೂಗಿನವಳು ಮನೆಯಲ್ಲಿ ಮುಗ್ಗಲು ವಾಸನೆ ಬರುತ್ತಿದೆ ಎಂದದ್ದು.

ಅವಳು ಸುಮ್ಮನಿರುವವಳಲ್ಲ. ಚಾಪೆ, ಹೊದಿಕೆ ಎಲ್ಲ ಒಗೆದಳು. ಹಾಸಿಗೆಯನ್ನು ತಾರಸಿಗೆ ಹೊತ್ತು ಬಿಸಿಲಿಗೆ ಹಾಕಿದಳು. ಬೇವಿನ ಸೊಪ್ಪಿನ ಹೊಗೆ ಹಾಕಿದಳು, ಕರ್ಪೂರ ಹಚ್ಚಿದಳು, ಬೀರುವಿನೊಳಗೆ ನುಸಿಗುಳಿಗೆ ಇಟ್ಟಳು. ಒಂದೆರಡು ದಿನ ಕಡಿಮೆಯಾದ ಹಾಗಾಗಿ ಮತ್ತೆ ಬರುತ್ತಿತ್ತು. ಮಳೆ ಬಂದಾಗ ಜಾಸ್ತಿ. ಬೆಳಿಗ್ಗೆ ಎದ್ದಾಗ ಜಾಸ್ತಿ. ಕಿಟಕಿ ತೆಗೆದು ಫ್ಯಾನ್ ಹಾಕಿದರೆ ಕಮ್ಮಿ.

ಒಮ್ಮೆ ತವರಿಗೆ ಹೋಗಿ ನಾಲ್ಕು ದಿನ ಇದ್ದು ಬಂದಳು. ಬೀಗ ತೆಗೆದು ಒಳಗೆ ಕಾಲಿಟ್ಟ ಕೂಡಲೇ ವಾಸನೆ ಮುಖಕ್ಕೆ ರಾಚಿತಂತೆ. ಬ್ಯಾಗನ್ನು ಹೊಸಿಲಲ್ಲೇ ಬಿಟ್ಟು ಅದರ ಜಾಡು ಹಿಡಿದು ನಡೆದಳು. ಹಜಾರ, ಅಡಿಗೆಮನೆ, ಕೊನೆಗೆ ಮಲಗುವ ಕೋಣೆ. ಸಂಜೆ ರಾಜೇಂದ್ರ ಮನೆಗೆ ಬಂದಾಗ ಅವಳು ಬೀರುವಿನ ಪಕ್ಕ ನೆಲದ ಮೇಲೆ ಕೂತಿದ್ದಳು. ಆ ಬೀರು ಅವಳ ತವರಿನಿಂದ ಬಂದದ್ದು, ಒಬ್ಬರಿಂದ ಅಲುಗಾಡಿಸಲು ಆಗದಷ್ಟು ಭಾರ.

"ಸಿಕ್ತು ಕಣ್ರೀ. ಈ ಬೀರುವಿನ ಹಿಂದಿಂದ ಬರ್ತಿದೆ. ಇಲ್ಲಿ ಬಗ್ಗಿ ಮೂಸಿ ನೋಡಿ."

ರಾಜೇಂದ್ರ ಮಂಡಿಯೂರಿ ಕೂತು ಬೀರುವಿಗೂ ಗೋಡೆಗೂ ನಡುವಿನ ಸಂದಿಗೆ ಮೂಗಿಟ್ಟ. ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು. ಅವಳ ಮುಖದ ಮೇಲೆ ಇದ್ದದ್ದು ಗೆಲುವು. ಅಭ್ಯಾಸದಂತೆ ಅದನ್ನು ನೋಡಿ "ಹೌದು ಕಣೆ" ಎಂದುಬಿಡಬಹುದಿತ್ತು. ಆದರೆ ಹೌದು ಎಂದರೆ, ಐದಾರು ತಿಂಗಳಿಂದ ದಿನಾ ಇದೇ ಕೋಣೆಯಲ್ಲಿ ಮಲಗುವವನಿಗೆ ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಅವಳು ಕೇಳುವಳು. ಮೊದಲ ದಿನದ "ಇಲ್ಲ" ಅವನನ್ನು ಕಟ್ಟಿಹಾಕಿತ್ತು.

"ಏನೂ ಇಲ್ಲ ಧನ. ನಿಂಗೆ ಹಂಗನ್ಸುತ್ತೆ ಅಷ್ಟೆ."

"ಬೀರು ಸರಿಸಿ ನೋಡೋಣ ಬನ್ನಿ. ನೋಡಿದ್ರೆ ಗೊತ್ತಾಗತ್ತಲ್ಲ."

"ಇಲ್ಲದ್ದಕ್ಕೆ ಇಷ್ಟು ಭಾರ ಎಳೆದು ಸೊಂಟ ಮುರ್ಕೊಳ್ಳೋಣ್ವಾ? ಹೊಸ ಮನೆ, ಹೊಸ ಗೋಡೆ. ಎಲ್ಲಿಂದ ಬರತ್ತೆ ಮುಗ್ಗಲು?"

ಧನಲಕ್ಷ್ಮಿ ಆಮೇಲೆ ಗಂಡನ ಅಕ್ಕ ರಾಮಕ್ಕನನ್ನು ಕರೆಸಿದಳು. ರಾಮಕ್ಕ ಬಂದು ಕೋಣೆಯ ನಡುವೆ ನಿಂತು, ಸೊಂಟದ ಡಬ್ಬಿಯಿಂದ ನಶ್ಯ ತೆಗೆದು ಎರಡೂ ಹೊಳ್ಳೆಗೆ ಏರಿಸಿ, ಕಣ್ಣೊರೆಸಿಕೊಂಡು ಗೋಡೆ ಮೂಸಿದಳು.

"ನಂಗೇನೂ ಬರಾಕಿಲ್ಲ ಕಣವ್ವ. ಈ ವಯಸ್ನಾಗೆ ಎಂಗಸ್ರಿಗೆ ಇಂಗೆಲ್ಲ ಆಯ್ತದೆ. ನಂಗೂ ಆಗಿತ್ತು. ಒಂದೊಂದ್ಸಲ ಯಾರೋ ಕರ್ದಂಗೆ ಆಗೋದು."

ನಶ್ಯ ಏರಿಸುವ ಮೂಗಿಗೆ ಏನು ತಿಳಿದೀತು ಎಂದು ರಾಜೇಂದ್ರನಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೂ "ನೋಡು, ಅಕ್ಕಂಗೂ ಬರ್ತಿಲ್ಲ" ಎಂದ. ಅಂಜನಮ್ಮನನ್ನು ಕೇಳಿದರೆ, ಮೆಣಸಿನಕಾಯಿಯ ಘಾಟಿನಲ್ಲಿ ಅವಳಿಗೆ ಬೇರೇನೂ ತಿಳಿಯುತ್ತಿರಲಿಲ್ಲ. ಕೋಲಾರದಲ್ಲಿ ನರ್ಸಿಂಗ್ ಓದುತ್ತಿದ್ದ ವೇಣಿ ಬೇಸಿಗೆ ರಜೆಗೆ ಬಂದಾಗ ಗೋಡೆ ಒಣಗಿತ್ತೋ ಏನೋ, ಅವಳಿಗೂ ಅಷ್ಟಾಗಿ ತಿಳಿಯಲಿಲ್ಲ. "ಸ್ವಲ್ಪ ಏನೋ ಇದೆಯೇನಪ್ಪ" ಎಂದು ಅನುಮಾನದಿಂದ ಅಂದಳು. ಅಪ್ಪ ಅವಳನ್ನು ಪಕ್ಕಕ್ಕೆ ಕರೆದು, "ಅಮ್ಮನ ಮಾತಿಗೆ ಹೂಂಗುಟ್ಟಬೇಡಮ್ಮ, ಅದೇ ಗುಂಗಲ್ಲಿ ಇದ್ದುಬಿಡ್ತಾಳೆ" ಎಂದ. ಆಮೇಲೆ ವೇಣಿಯೂ ಫೋನಿನಲ್ಲಿ "ಅಮ್ಮ, ಅದೆಲ್ಲ ನಿನ್ನ ಮನಸ್ಸಿನ ಭ್ರಮೆ" ಎನ್ನತೊಡಗಿದಳು.

ಎರಡನೇ ಮಳೆಗಾಲಕ್ಕೆ ಧನಲಕ್ಷ್ಮಿಗೆ ಕೆಮ್ಮು ಶುರುವಾಯಿತು. ಕೋಣೆಯಲ್ಲಿ ಉಸಿರು ಕಟ್ಟುತ್ತದೆಂದು ಹಜಾರದಲ್ಲಿ ಚಾಪೆ ಹಾಸಿಕೊಂಡು ಮಲಗಿದಳು. ರಾಜೇಂದ್ರ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಒಳ್ಳೆಯ ಡಾಕ್ಟರು, ಪೂರ್ತಿ ಕೇಳಿಸಿಕೊಂಡರು. ಎದೆಗೆ ಕೊಳವೆ ಇಟ್ಟು ನೋಡಿದರು. ಆಮೇಲೆ ಪಕ್ಕದಲ್ಲಿ ಕೂತಿದ್ದ ರಾಜೇಂದ್ರನ ಕಡೆ ತಿರುಗಿ, "ಮನೆಯಲ್ಲಿ ಬೇರೆ ಯಾರಿಗಾದ್ರೂ ಈ ವಾಸನೆ ಬರತ್ತಾ? ನಿಮಗೆ ಬರತ್ತಾ?" ಎಂದು ಕೇಳಿದರು.

"ಇಲ್ಲ ಸಾರ್."

"ಯಾವತ್ತೂ?"

ನನಗೆ ಯಾವ ವಾಸನೆಯೂ ಬರಲ್ಲ ಸಾರ್ ಎಂದು ಹೇಳಬೇಕಾದ ಜಾಗ ಅದೇ. ಡಾಕ್ಟರು ಕಾಯುತ್ತಿದ್ದರು. ಹೆಂಡತಿಯೂ ಕಾಯುತ್ತಿದ್ದಳು. "ಯಾವತ್ತೂ ಇಲ್ಲ ಸಾರ್" ಎಂದ.

ಡಾಕ್ಟರು ಕೆಮ್ಮಿಗೆ ಔಷಧಿ ಬರೆದು, ನಿದ್ದೆ ಚೆನ್ನಾಗಿ ಬರಲೆಂದು ಮನಸ್ಸಿನ ಸಮಾಧಾನಕ್ಕೆ ಒಂದು ಮಾತ್ರೆಯನ್ನೂ ಬರೆದರು. ಬಸ್ಸು ಹತ್ತಿ ಕೂತ ಮೇಲೆ ಧನಲಕ್ಷ್ಮಿ, "ಹಂಗಾದ್ರೆ ನನ್ನ ಮೂಗೇ ಕೆಟ್ಟಿದೆ ಅನ್ನಿ" ಎಂದಳು.

ಆ ಮಾತನ್ನು ಅವಳು ನಂಬಿಯೂಬಿಟ್ಟಳು. ಅದಾದ ಹದಿನೈದು ದಿನಕ್ಕೆ ಕೊತ್ತಂಬರಿ ಹುರಿಯಲು ಕೂತಳು. "ಹಾಂ" ಎನ್ನುವ ಹೊತ್ತು ಬಂದಾಗ ಅವಳಿಗೆ ಅನುಮಾನ ಬಂತು. ಇಳಿಸಲೋ ಬೇಡವೋ ಎಂದು ಅಂಜನಮ್ಮನ ಮುಖ ನೋಡಿದಳು. ಅಷ್ಟರಲ್ಲಿ ಬೀಜ ಕಪ್ಪಾಯಿತು. ಇನ್ನೊಂದು ಸಲ ಹಸಿಯಾಗಿಯೇ ಇಳಿಸಿದಳು. ಅಪಾರ್ಟ್‌ಮೆಂಟಿನ ಒಬ್ಬಾಕೆ "ಯಾಕೋ ಈ ಸಲ ಮೊದಲಿನ ಹಾಗಿಲ್ಲ ಆಂಟಿ" ಎಂದದ್ದೇ ನೆಪವಾಯಿತು. ಇಲ್ಲದ ವಾಸನೆ ಬರುವ ಮೂಗನ್ನು ನಂಬಿಕೊಂಡು ಇನ್ನೊಬ್ಬರ ಮನೆಯ ಅಡಿಗೆ ಯಾಕೆ ಕೆಡಿಸಲಿ ಎಂದು ಬಾಣಲೆ, ಜರಡಿ, ಡಬ್ಬಿಗಳನ್ನೆಲ್ಲ ಅಂಜನಮ್ಮನಿಗೆ ಕೊಟ್ಟುಬಿಟ್ಟಳು. ರಾಜೇಂದ್ರ ಫ್ಯಾಕ್ಟರಿಯಿಂದ ಬಂದಾಗ ಅಡಿಗೆಮನೆಯ ಅಟ್ಟ ಖಾಲಿಯಾಗಿತ್ತು. ಅವನು ಕೈಕಾಲು ತೊಳೆದುಕೊಂಡು ಬಂದು ಸುಮ್ಮನೆ ಊಟಕ್ಕೆ ಕೂತ.

ಅದಾದ ಮೇಲೆ ಅವಳು ವಾಸನೆಯ ಮಾತೇ ಎತ್ತಲಿಲ್ಲ. ಮನೆಗೆ ಯಾರನ್ನೂ ಕರೆಯುವುದನ್ನೂ ಬಿಟ್ಟಳು. ರಾಜೇಂದ್ರನಿಗೆ ಒಳಗೊಳಗೇ ಸಮಾಧಾನ. ಗಲಾಟೆ ಮುಗಿಯಿತು ಅಂದುಕೊಂಡ. ಅಂದುಕೊಂಡದ್ದಕ್ಕೆ ಅವನು ಆಮೇಲೆ ಎಷ್ಟು ಸಲ ತನ್ನನ್ನೇ ಬೈದುಕೊಂಡನೋ.

ಮೂರನೇ ಮಳೆಗಾಲ ಮುಗಿದ ಮೇಲೆ, ೨೦೧೩ರ ನವೆಂಬರಿನಲ್ಲಿ, ಹೊರಗೋಡೆಗೆ ಬಣ್ಣ ಹೊಡೆಸಲೆಂದು ರಾಜೇಂದ್ರ ದ್ಯಾಮಣ್ಣನನ್ನು ಕರೆಸಿದ. ಕುಷ್ಟಗಿ ಕಡೆಯಿಂದ ಬಂದು ಹೆಬ್ಬಗೋಡಿಯಲ್ಲೇ ನೆಲೆಸಿದ್ದ ಪೇಂಟರ್ ಅವನು. ಭಾನುವಾರ ಹತ್ತು ಗಂಟೆಗೆ ಬಂದ. ಹೊಸಿಲು ದಾಟಿ ಎರಡು ಹೆಜ್ಜೆ ಇಟ್ಟವನು ಅಲ್ಲೇ ನಿಂತ.

"ಸಾರ್, ಒಳಗ ಎಲ್ಲೋ ನೀರು ಹಿಡದು ಬೂಷ್ಟು ಬಂದೈತಲ್ರೀ."

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಧನಲಕ್ಷ್ಮಿ ಒದ್ದೆ ಕೈಯಲ್ಲೇ ಹೊರಗೆ ಬಂದಳು.

"ಏನಂದ್ರಿ? ಇನ್ನೊಂದ್ಸಲ ಹೇಳಿ."

"ಬೂಷ್ಟಿನ ವಾಸನಿ ಅಕ್ಕಾರ. ಬಾಗಿಲಿಗೇ ಬಡೀತಲ್ರೀ. ನಿಮಗ ಬರವಲ್ದೇನು?"

ಅವಳು ಗೋಡೆ ಹಿಡಿದುಕೊಂಡಳು. ಕಣ್ಣಲ್ಲಿ ನೀರು ತುಂಬಿತು. "ಬರತ್ತೆ. ಎರಡು ವರ್ಷದಿಂದ ಬರತ್ತೆ" ಎಂದಳು. ರಾಜೇಂದ್ರನ ಕಡೆ ನೋಡಲಿಲ್ಲ.

ದ್ಯಾಮಣ್ಣನಿಗೆ ಇಂಥದ್ದು ಹೊಸದಲ್ಲ. ಬಣ್ಣ ಉಬ್ಬಿದ ಗೋಡೆಗಳ ಜೊತೆಯೇ ಇಪ್ಪತ್ತು ವರ್ಷ ಕಳೆದವನು. ಎಲ್ಲ ಕಿಟಕಿ ಬಾಗಿಲು ಮುಚ್ಚಿಸಿ, ಫ್ಯಾನ್ ಆರಿಸಿ, ಒಂದು ಗಂಟೆ ಎಲ್ಲರೂ ಹೊರಗೆ ಜಗಲಿಯ ಮೇಲೆ ಕೂರುವಂತೆ ಮಾಡಿದ. "ಒಳಗ ಇದ್ದವರ ಮೂಗು ಲಗೂನ ಸೋಲ್ತೈತ್ರೀ. ಹೊರಗಿನ ಗಾಳಿ ಕುಡದು ಹೋದ್ರ ಸುಳ್ಳು ಹೇಳಂಗಿಲ್ಲ" ಎಂದ. ಹೊಸೂರು ರಸ್ತೆಯ ಬಸ್ಸುಗಳ ಹಾರನ್ನು ಕೇಳುತ್ತಾ ಮೂವರೂ ಟೀ ಕುಡಿದರು. ಧನಲಕ್ಷ್ಮಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

ಆಮೇಲೆ ಒಂದೊಂದೇ ಕೋಣೆ. ಬಾಗಿಲು ಸ್ವಲ್ಪವೇ ತೆರೆದು ಒಳಗೆ ಮುಖ ಹಾಕುವುದು, ಮತ್ತೆ ಹೊರಗೆ ಬರುವುದು. ಹಜಾರದಲ್ಲಿ ಇಲ್ಲ. ಸಿಂಕಿನ ಕೆಳಗೆ ಇಲ್ಲ. ಬಚ್ಚಲಲ್ಲಿ ಫಿನಾಯಿಲ್ ಬಿಟ್ಟು ಬೇರೇನೂ ತಿಳಿಯಲಿಲ್ಲ. ಮಲಗುವ ಕೋಣೆಯ ಬಾಗಿಲು ತೆರೆದ ಕೂಡಲೇ ದ್ಯಾಮಣ್ಣನೂ ಧನಲಕ್ಷ್ಮಿಯೂ ಒಟ್ಟಿಗೆ ತಲೆ ಹಿಂದಕ್ಕೆಳೆದುಕೊಂಡರು. ದ್ಯಾಮಣ್ಣ ಮೇನ್ ಆಫ್ ಮಾಡಿಸಿ ಸ್ವಿಚ್ ಬೋರ್ಡುಗಳ ಸ್ಕ್ರೂ ಬಿಚ್ಚಿದ. ಗೋಡೆಯ ಒಳಗಿನ ಗಾಳಿ ವೈರಿನ ಪೈಪಿನ ತೂತಿನಿಂದ ಅಲ್ಲಿಗೆ ಬರುತ್ತದಂತೆ. ಕಿಟಕಿಯ ಪಕ್ಕದ ಬೋರ್ಡು ಮೂಸಿದ. ಆಮೇಲೆ ಬೀರುವಿನ ಪಕ್ಕದ್ದಕ್ಕೆ ಹೋದ.

ರಾಜೇಂದ್ರ ಕಿಟಕಿಯ ಹತ್ತಿರವೇ ಉಳಿದಿದ್ದ. ಈಗ ಎಲ್ಲರೂ ಇದೆ ಎನ್ನುತ್ತಿದ್ದಾರೆ, ತಾನೂ ಇದೆ ಎಂದುಬಿಟ್ಟರೆ ಎಲ್ಲ ಸರಿಹೋದೀತು ಎಂದು ಅವನಿಗೆ ಅನ್ನಿಸಿತು. ಬಗ್ಗಿ ಮೂಸಿದ. "ಹೌದು ಹೌದು. ಇಲ್ಲೇ ಜೋರಾಗಿದೆ" ಎಂದ.

ದ್ಯಾಮಣ್ಣ ತಿರುಗಿ ನೋಡಿದ. "ಅಲ್ಲೇನಿಲ್ಲಲ್ರೀ ಸಾರ್. ಅದು ಖಾಲಿ ಐತಿ. ಇರೋದು ಈ ಕಡೆ."

ಧನಲಕ್ಷ್ಮಿಯೂ ತಿರುಗಿದಳು. ಅವಳು ಗಂಡನ ಮುಖವನ್ನು ದಿಟ್ಟಿಸಿ ನೋಡಿದಳು. ಬಹಳ ಹೊತ್ತು ನೋಡಿದಳು.

ಬೀರು ಸರಿಸಲು ಇಬ್ಬರು ಗಂಡಸರಿಗೆ ಐದು ನಿಮಿಷ ಹಿಡಿಯಿತು. ಹಿಂದಿನ ಗೋಡೆ ನೆಲದಿಂದ ಎದೆಯೆತ್ತರದವರೆಗೆ ಕಪ್ಪಗಾಗಿತ್ತು. ಕಪ್ಪಿನ ನಡುವೆ ಹಸಿರು, ಅಲ್ಲಲ್ಲಿ ಹತ್ತಿಯಂಥ ಬಿಳಿ. ದ್ಯಾಮಣ್ಣ ಕೆರೆಯುವ ಪಟ್ಟಿಯ ಮೊನೆ ತಾಗಿಸಿದ್ದಕ್ಕೇ ಗಾರೆ ನೆನೆದ ರೊಟ್ಟಿಯಂತೆ ಕಳಚಿಬಿತ್ತು. ಗೋಡೆಯ ಆಚೆ ಬಚ್ಚಲು. ಟೈಲ್ಸಿನ ಒಳಗೆ ಪೈಪಿನ ಒಂದು ಜಾಯಿಂಟ್ ಮೊದಲಿನಿಂದಲೂ ಹನಿಹನಿಯಾಗಿ ಸೋರುತ್ತಿತ್ತು. ಗೃಹಪ್ರವೇಶದ ಮುಹೂರ್ತ ತಪ್ಪಬಾರದೆಂದು, ಪೈಪಿಗೆ ನೀರು ಬಿಟ್ಟು ಪರೀಕ್ಷೆ ಮಾಡುವ ಮೊದಲೇ ಟೈಲ್ಸ್ ಕೂರಿಸಿ ಎಂದು ಅವಸರ ಮಾಡಿದ್ದವನು ರಾಜೇಂದ್ರನೇ.

ದ್ಯಾಮಣ್ಣ ಪ್ಲಂಬರನ್ನು ಕರೆತರಲು ಹೋದ. ಗಂಡ ಹೆಂಡತಿ ಆ ಗೋಡೆಯ ಮುಂದೆ ಉಳಿದರು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೇರ ಅದರ ಮೇಲೆ ಬಿದ್ದಿತ್ತು. ರಾಜೇಂದ್ರ ಮಂಚದ ಅಂಚಿಗೆ ಕೂತ.

"ಧನ, ನಂಗೆ ವಾಸನೆ ಗೊತ್ತಾಗಲ್ಲ ಕಣೆ. ಒಂಬತ್ತು ವರ್ಷ ಆಯ್ತು. ಫ್ಯಾಕ್ಟರೀಲೇ ಹೋಯ್ತು."

ಅವಳು ಮೊದಲು ಅರ್ಥವಾಗದವಳಂತೆ ನೋಡಿದಳು.

"ಯಾವ ವಾಸನೆ?"

"ಯಾವುದೂ."

"ಒಗ್ಗರಣೆ ಸೀದ್ರೆ?"

"ಇಲ್ಲ. ಹೊಗೆ ಕಣ್ಣಿಗೆ ಕಾಣ್ಬೇಕು."

"ಮತ್ತೆ ನನ್ನ ಪುಡಿ? ಅಷ್ಟು ವರ್ಷ ಘಮ್ಮಂತಿದೆ ಅಂತಿದ್ರಲ್ಲ?"

"ನಿನ್ನ ಮುಖ ನೋಡಿ ಹೇಳ್ತಿದ್ದೆ."

ಅವಳು ಬೀರುವಿನ ಕೆಳಗಿನ ಖಾನೆ ತೆರೆದು ಒಂದೊಂದೇ ಸೀರೆ ತೆಗೆದು ನೆಲದ ಮೇಲೆ ಇಡತೊಡಗಿದಳು. ಧಾರೆ ಸೀರೆಯ ಮಡಿಕೆಯಲ್ಲೂ ಬೂದಿಯಂಥ ಕಲೆ ಎದ್ದಿತ್ತು. ಅದನ್ನು ಬೆರಳಿನಿಂದ ಉಜ್ಜುತ್ತಾ ಕೇಳಿದಳು.

"ಡಾಕ್ಟ್ರು ನಿಮ್ಮನ್ನೇ ಕೇಳಿದ್ರಲ್ರೀ. ಎರಡು ಸಲ ಕೇಳಿದ್ರು."

ರಾಜೇಂದ್ರ "ತಪ್ಪಾಯ್ತು" ಎಂದ. ಆ ಕೋಣೆಯಲ್ಲಿ ಆ ಮಾತು ಅವನಿಗೇ ಕೇಳಿಸದಷ್ಟು ಸಣ್ಣದಾಗಿತ್ತು.

"ನೀವು ಗೊತ್ತಾಗಲ್ಲ ಅಂದಿದ್ರೆ ನಾನೇನು ಮಾಡ್ತಿದ್ದೆ? ಬೈತಿದ್ನಾ? ಬಿಟ್ಟು ಹೋಗ್ತಿದ್ನಾ? ನಾನು ಹುಚ್ಚಿ ಅಂದ್ಕೊಂಡು ಮಾತ್ರೆ ನುಂಗಿದೀನಿ. ದಿನಾ ನುಂಗಿದೀನಿ. ನೀವೇ ಲೋಟದಲ್ಲಿ ನೀರು ತಂದ್ಕೊಡ್ತಿದ್ರಿ."

ಅಳಲಿಲ್ಲ ಅವಳು. ಅತ್ತಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಗೋಡೆ ಒಡೆದು ಪೈಪು ಬದಲಾಯಿಸಿ, ಗಾರೆ ಕೆತ್ತಿ, ತಿಂಗಳಿಗೂ ಹೆಚ್ಚು ಒಣಗಲು ಬಿಟ್ಟು ಮತ್ತೆ ಗಾರೆ ಹಾಕಿದರು. ಅವಳ ಕೆಮ್ಮು ನಿಧಾನವಾಗಿ ಇಳಿಯಿತು. ರಾಜೇಂದ್ರ ತನ್ನ ಕೈಲಾದದ್ದು ಮಾಡಿದ. ರಾಮಕ್ಕನ ಮನೆಗೆ ಹೋಗಿ ಎಲ್ಲರ ಎದುರು ವಿಷಯ ಹೇಳಿದ. ರಾಮಕ್ಕ ನಶ್ಯದ ಡಬ್ಬಿಯನ್ನು ಕೈಯಲ್ಲೇ ಹಿಡಿದು, "ಅಯ್ಯೋ ಪಾಪಿ, ನಾನೂ ನಿನ್ ಜೊತೆ ಸೇರ್ಕೊಂಡು ಆ ಮಗೀನ ಉಚ್ಚಿ ಮಾಡಿದ್ನಲ್ಲೋ" ಎಂದು ಹಣೆ ಚಚ್ಚಿಕೊಂಡಳು. ವೇಣಿಗೆ ಫೋನ್ ಮಾಡಿ ಹೇಳಿದಾಗ ಅವಳು, "ಅಪ್ಪಾ, ನಂಗೆ ಅವತ್ತು ಸ್ವಲ್ಪ ಬಂದಿತ್ತು. ನೀವು ಹೇಳಿದ್ರಿ ಅಂತ ಇಲ್ಲ ಅಂದೆ" ಎಂದು ಫೋನಿಟ್ಟಳು. ಫ್ಯಾಕ್ಟರಿಯಲ್ಲೂ ಹೇಳಿದ. ಅವನನ್ನು ತೊಟ್ಟಿಯಿಂದ ತೆಗೆದು ಸ್ಟೋರ್ಸಿಗೆ ಹಾಕಿದರು. ಅಷ್ಟೇ ಆದದ್ದು. ಒಂಬತ್ತು ವರ್ಷ ಅಂಜಿದ್ದು ಅಷ್ಟಕ್ಕೆ.

ಪುಡಿಯ ಕೆಲಸ ಮತ್ತೆ ಶುರು ಮಾಡು ಎಂದು ಅವನು ಎರಡು ಮೂರು ಸಲ ಕೇಳಿದ. ಅಂಜನಮ್ಮನೂ ಬಾಣಲೆ ವಾಪಸ್ ಕೊಡುತ್ತೇನೆ ಎಂದಳು. ಧನಲಕ್ಷ್ಮಿ ಬೇಡವೆಂದಳು. "ಅವಳ ಕೈಗೆ ಒಗ್ಗಿದೆ, ಇರಲಿ. ನಂಗೆ ಈಗ ಧೈರ್ಯ ಬರಲ್ಲ." ಎಲೆಕ್ಟ್ರಾನಿಕ್ ಸಿಟಿಯಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಒಂದು ಕಡೆ ಕೆಲಸಕ್ಕೆ ಸೇರಿಕೊಂಡಳು. ಬೆಳಿಗ್ಗೆ ಹೋಗಿ ಸಂಜೆ ಬರುತ್ತಾಳೆ. ಗಂಡನಿಗೆ ಊಟಕ್ಕಿಡುತ್ತಾಳೆ, ಊರ ಸುದ್ದಿ ಹೇಳುತ್ತಾಳೆ, ನಗುವ ಮಾತಿಗೆ ನಗುತ್ತಾಳೆ. ನೋಡಿದವರು ಏನೋ ಕೊರತೆ ಇದೆ ಎನ್ನಲಾರರು.

ಆದರೆ ರಾಜೇಂದ್ರ ಒಂದನ್ನು ಗಮನಿಸಿದ್ದಾನೆ. ಸಂಜೆ ಇದ್ದಕ್ಕಿದ್ದಂತೆ ದೀಪ ಆರಿದರೆ, ಅವನು ಹಜಾರದಲ್ಲೇ ಕೂತಿದ್ದು "ಕರೆಂಟ್ ಹೋಯ್ತು ಕಣೆ" ಎಂದರೂ ಅವಳು ಬಾಗಿಲು ತೆಗೆದು ಹೊರಗೆ ಹೋಗುತ್ತಾಳೆ. ಕಾಂಪೌಂಡಿನ ಹತ್ತಿರ ನಿಂತು ಎದುರು ಮನೆಯವರನ್ನು ಕೂಗಿ ಕೇಳುತ್ತಾಳೆ. "ನಿಮ್ಮಲ್ಲೂ ಹೋಗಿದ್ಯೇನ್ರೀ?" ಅವರು ಹೌದು ಎಂದ ಮೇಲೆಯೇ ಒಳಗೆ ಬಂದು ಮೇಣದ ಬತ್ತಿ ಹುಡುಕುತ್ತಾಳೆ.